ಡಾಬ್ಸ್ ತೊರೆಗೆ ನಲ್ಲಿ ನೀರು

ರೇವಿನ್ ಹ್ಯಾಡ್ರಲ್ ಅವರ ಬಳಿ ಮೀನು ಹಿಡಿಯುವ ಲೈಸೆನ್ಸ್ ಇಲ್ಲ. ಯಾವತ್ತೂ ಇರಲಿಲ್ಲ. ಕ್ರೈಸ್ಟ್‌ಚರ್ಚ್ ನಗರದ ನಡುವೆ ಹರಿಯುವ ಏವನ್ ನದಿಯಲ್ಲಿ ಟ್ರೌಟ್ ಹಿಡಿಯುವವರ ಪೈಕಿ ಈ ಹೆಸರು ಕೇಳಿದವರೂ ಇಲ್ಲ. ಆದರೆ ಅವರ ಗಾಳಕ್ಕೆ ಬೀಳುವ ಮೀನುಗಳಲ್ಲಿ ಬಹುಪಾಲು ಹುಟ್ಟುವುದು ರೇವಿನ್ ನೋಡಿಕೊಳ್ಳುವ ತೊರೆಯಲ್ಲಿ. ಹುಟ್ಟುತ್ತಿದ್ದವು ಎನ್ನಬೇಕು.

ಜುಲೈ ತಿಂಗಳ ಬೆಳಗು; ದಕ್ಷಿಣ ಗೋಳಾರ್ಧದ ಈ ಊರಿಗೆ ಅದು ನಡುಚಳಿಗಾಲ. ಇನ್ನೂ ಸೂರ್ಯ ಕಂಡಿಲ್ಲ. ಚೆಂಡುರುಳಿಸುವ ಆಟದ ಬೌಲ್ಸ್ ಕ್ಲಬ್ಬಿನ ಹಿಂದಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೂಟಿನಡಿ ಕರಕರ ಎನ್ನುತ್ತಿದೆ. ಎದೆಯವರೆಗೂ ಬರುವ ರಬ್ಬರ್ ಉಡುಪು ತೊಟ್ಟ ರೇವಿನ್ ಡಾಬ್ಸ್ ತೊರೆಯ ದಂಡೆಯಲ್ಲಿ ನಿಂತಿದ್ದಾರೆ. ನೀರಿಗೆ ಇಳಿಯುತ್ತಿಲ್ಲ. ಬರೀ ನೋಡುತ್ತಿದ್ದಾರೆ. ಚಳಿಗಾಲದಲ್ಲಿ ಹೆಣ್ಣು ಟ್ರೌಟ್ ಮೇಲೇರಿ ಬಂದು, ಬಾಲದಿಂದ ಗರಸನ್ನು ಬಡಿದು ಗುಳಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಗರಸು ಮುಚ್ಚಿ ಹೋಗುತ್ತದೆ. ಆ ಜಾಗ ಬ್ರಷ್ಷಿನಿಂದ ಉಜ್ಜಿದಂತೆ ತಿಳಿಯಾಗಿ ಕಾಣುತ್ತದೆ. ಅದೇ ಗೂಡು. ಅದರ ಮೇಲೆ ಒಂದು ಹೆಜ್ಜೆ ಬಿದ್ದರೂ ಮೊಟ್ಟೆಗಳ ಕತೆ ಮುಗಿಯಿತು. ಹಾಗಾಗಿ ತೊರೆಯ ಕೆಲಸದವರು ಮೊದಲು ನೋಡಬೇಕು, ಆಮೇಲೆ ಇಳಿಯಬೇಕು.

“ಏನಾದ್ರೂ ಕಾಣ್ತಾ, ಆಂಟಿ?” ಎದುರು ದಂಡೆಯಿಂದ ಸೆಫೊ ಕೂಗುತ್ತಾರೆ.

“ಒಂದು ಬಿಯರ್ ಡಬ್ಬ. ಒಂದು ಷೂ.”

“ಷೂ ಒಳಗೆ ಮೊಟ್ಟೆ ಇಟ್ಟಿರ್ಬೋದು, ಸರಿಯಾಗಿ ನೋಡಿ.”

“ಬಾಯ್ ಮುಚ್ಕೊಂಡು ನಿನ್ ಕಡೆ ನೋಡ್ಕೊಳ್ಳೋ.”

ಸೆಫೊ ಸಮೋವಾ ದ್ವೀಪದವರು, ನಲವತ್ತು ದಾಟಿದವರು, ಭಾನುವಾರ ಚರ್ಚಿನಲ್ಲಿ ಹಾಡಿಸುವವರು. ಹನ್ನೆರಡು ವರ್ಷಗಳಿಂದ ರೇವಿನ್ ಜೊತೆಗಾರರು. ಈ ಹೊತ್ತಿಗೆ ಇಬ್ಬರಿಗೂ ಸಂಬಳವಿಲ್ಲ. ಕೆಲಸ ಶುರುವಾಗುವುದು ಎಂಟಕ್ಕೆ. ಫೆಬ್ರುವರಿಯಲ್ಲಿ ಈ ತೊರೆಯ ಟ್ರೌಟ್‌ಗಳೆಲ್ಲ ಸತ್ತವು. ಈ ಚಳಿಗಾಲ ಒಂದಾದರೂ ಟ್ರೌಟ್ ಇಲ್ಲಿಗೆ ಬಂದು ಮೊಟ್ಟೆಯಿಡುತ್ತದೆಯೇ ಎಂಬುದೇ ರೇವಿನ್‌ಗೆ ಮೇ ತಿಂಗಳಿನಿಂದ ಇರುವ ಒಂದೇ ಪ್ರಶ್ನೆ. ಅದಕ್ಕಾಗಿ ದಿನವೂ ಕತ್ತಲಲ್ಲೇ ಮನೆ ಬಿಡುತ್ತಾರೆ.

ರೇವಿನ್‌ಗೆ ಐವತ್ತೆಂಟು. ಕೆಲಸ, ನೀರಿನ ಕಳೆ ಕೊಯ್ಯುವುದು. ಕೆಳಗಿನ ದೊಡ್ಡ ನದಿಯಲ್ಲಿ ಯಂತ್ರದ ದೋಣಿ ಕೊಯ್ಯುತ್ತದೆ. ಮೇಲಿನ ಸಣ್ಣ ತೊರೆಗಳಿಗೆ ಯಂತ್ರ ಇಳಿಯುವುದಿಲ್ಲ, ಅಲ್ಲಿಗೆ ಮನುಷ್ಯರು ಇಳಿಯುತ್ತಾರೆ. ಉದ್ದ ಹಿಡಿಯ ಕುಡುಗೋಲು ಹಿಡಿದು, ಸೊಂಟದ ಮಟ್ಟದ ನೀರಲ್ಲಿ ಪ್ರವಾಹಕ್ಕೆ ಎದುರಾಗಿ ನಡೆಯುತ್ತಾ, ತಳದ ಕಳೆಯನ್ನು ಬೀಸಿ ಕೊಯ್ಯಬೇಕು. ತೇಲಿ ಹೋದದ್ದನ್ನು ಕೆಳಗೆ ಅಡ್ಡ ಕಟ್ಟಿದ ಬಲೆ ತಡೆಯುತ್ತದೆ. ಅದನ್ನು ಕವಲುಗೋಲಿನಿಂದ ಎತ್ತಿ ತಳ್ಳುಗಾಡಿಗೆ ತುಂಬಬೇಕು. ಬೇಸಿಗೆಯಲ್ಲಿ ದಿನಕ್ಕೆ ಇಬ್ಬರು ಸೇರಿ ಎಪ್ಪತ್ತು ಗಾಡಿ ಎತ್ತುತ್ತಾರೆ. ನೀರು ಒರತೆಯಿಂದ ಬರುವುದರಿಂದ ಬೇಸಿಗೆಯಲ್ಲೂ ಮೂಳೆ ಕೊರೆಯುತ್ತದೆ. ರೇವಿನ್ ಅವರ ಬಲಗೈಯ ಎರಡು ಬೆರಳುಗಳಿಗೆ ಸ್ಪರ್ಶವಿಲ್ಲ. ಎಡ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆ ಆಗಿದೆ. ತಳದಲ್ಲಿ ಕಳೆಯ ಜೊತೆ ಒಡೆದ ಗಾಜು, ಸಿರಿಂಜು, ಸೂಪರ್‌ಮಾರ್ಕೆಟ್ಟಿನ ಗಾಡಿ ಸಿಗುತ್ತವೆ. ಒಮ್ಮೆ ಹಲ್ಲಿನ ಸೆಟ್ ಸಿಕ್ಕಿತ್ತು.

“ವಾಪಸ್ ಕೊಟ್ರಾ?” ಎಂದು ಕೇಳಿದರೆ ಸೆಫೊ ನಡುವೆ ಬಾಯಿ ಹಾಕುತ್ತಾರೆ: “ಆಂಟಿ ಹಾಕ್ಕೊಂಡಿರೋದು ಅದೇ.”

ರೇವಿನ್ ಅವರ ತಂದೆಯೂ ಇದೇ ಕೆಲಸ ಮಾಡುತ್ತಿದ್ದರು. ಅವರ ಬೆನ್ನು ಕೈಕೊಟ್ಟ ವರ್ಷ ಹತ್ತೊಂಬತ್ತರ ಮಗಳು ಅದೇ ಕುಡುಗೋಲು ಹಿಡಿದು ಬಂದಳು. ಆಗ ನಗರಸಭೆಯ ಕೆಲಸ. ಈಗ ಗುತ್ತಿಗೆ. ಕೆಲವು ವರ್ಷಕ್ಕೊಮ್ಮೆ ಕಂಪನಿ ಬದಲಾಗುತ್ತದೆ, ಅಂಗಿಯ ಬಣ್ಣ ಬದಲಾಗುತ್ತದೆ, ರೇವಿನ್ ಹೊಸಬರಾಗಿ ಸೇರುತ್ತಾರೆ. “ಪ್ರತೀ ಸಲಾನೂ ಒಂದು ಹುಡುಗಿ ಬಂದು ನೀರಿಗೆ ಹೆಂಗ್ ಇಳೀಬೇಕು ಅಂತ ವಿಡಿಯೋ ತೋರಿಸ್ತಾಳೆ. ನಾನು ನೋಡ್ತೀನಿ. ಬಿಸ್ಕತ್ತು ಕೊಡ್ತಾರೆ,” ಎನ್ನುತ್ತಾರೆ.

ಊರನ್ನು ಕೆಡವಿದ ದೊಡ್ಡ ಭೂಕಂಪದ ವರ್ಷ ನೆಲದಡಿಯಿಂದ ಬೂದು ಬಣ್ಣದ ಹೂಳು ಉಕ್ಕಿ ಬಂದು ತೊರೆಗಳ ತಳವನ್ನೆಲ್ಲ ಸಿಮೆಂಟು ಬಳಿದಂತೆ ಮುಚ್ಚಿತು. ಹೂಳಿನಡಿ ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಬೀದಿಯ ಹೂಳನ್ನು ಊರಿಗೆ ಊರೇ ಗುದ್ದಲಿ ಹಿಡಿದು ತೆಗೆಯಿತು. ತೊರೆಯ ತಳದ ಹೂಳು ಯಾರ ಪಟ್ಟಿಯಲ್ಲೂ ಇರಲಿಲ್ಲ. ರೇವಿನ್ ಕೆಲಸ ಮುಗಿದ ಮೇಲೆ ಕಬ್ಬಿಣದ ಹಲ್ಲಿನ ಕೋಲಿನಿಂದ ಡಾಬ್ಸ್ ತೊರೆಯ ಗರಸನ್ನು ಕೆದಕಿ, ಹೂಳನ್ನು ಹರಿವಿಗೆ ಬಿಟ್ಟರು. ಒಂದು ಸಂಜೆಗೆ ಒಂದು ಮಂಚದಗಲ. ಎರಡು ಚಳಿಗಾಲ ಹಾಗೆ ಹೋಯಿತು. ಮೂರನೆಯದರಲ್ಲಿ ಗೂಡು ಕಂಡವು. ಆಮೇಲೆ ವರ್ಷವರ್ಷವೂ ಹೆಚ್ಚಿದವು. ಕಳೆದ ಚಳಿಗಾಲ ಅರವತ್ತು ಗೂಡು ಇದ್ದವು. ಏವನ್‌ನ ಬೇರೆ ಕವಲುಗಳಲ್ಲಿ ಹತ್ತು ಸಿಕ್ಕರೆ ಹೆಚ್ಚು.

ಆ ಗೂಡುಗಳಲ್ಲಿ ಹುಟ್ಟಿದ ಮೀನು ಕೆಳಗಿಳಿದು ಪೇಟೆಯ ನಡುವಿನ ನದಿ ಸೇರುತ್ತದೆ. ಆಸ್ಪತ್ರೆಯ ಹಿಂದೆ, ಕಾಫಿ ಅಂಗಡಿಗಳ ಸೇತುವೆಯ ಕೆಳಗೆ, ಬಾತುಕೋಳಿಗೆ ಎಸೆದ ಬ್ರೆಡ್ಡು ತಿಂದು ದಪ್ಪಗಾಗುತ್ತದೆ. ಕಚೇರಿಯವರು ಮಧ್ಯಾಹ್ನದ ಬಿಡುವಿನಲ್ಲಿ ಟೈ ಭುಜದ ಹಿಂದೆ ಹಾಕಿಕೊಂಡು ಗಾಳ ಬೀಸುತ್ತಾರೆ. ಹಿಡಿಯುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಬಿಡುತ್ತಾರೆ. ಬಿಡುವುದನ್ನು ದೊಡ್ಡ ಗುಣವೆಂದು ಭಾವಿಸುತ್ತಾರೆ. ಅವರ ಸಂಘದ ಕಾರ್ಯದರ್ಶಿ, ನಿವೃತ್ತ ದಂತವೈದ್ಯ ಅಲಿಸ್ಟರ್ ಮಾಂಕ್‌ಟನ್, ಮೇಕೆಯ ಕೂದಲಿನಿಂದ ಗಾಳಕ್ಕೆ ಬ್ರೆಡ್ಡಿನ ಚೂರಿನಂಥ ನಕಲಿ ಹುಳ ಕಟ್ಟುತ್ತಾರೆ. ಅದನ್ನು ಬ್ರೆಡ್ಡು ಎಂದು ಯಾರಾದರೂ ಅಂದರೆ ಸಿಟ್ಟಾಗುತ್ತಾರೆ.

ಇನ್ನು ಈ ಊರಿನ ಕುಡಿಯುವ ನೀರಿನ ವಿಷಯ. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನೆಲದಡಿಯ ನೀರು ಇಲ್ಲಿ ತಲೆಮಾರುಗಳ ಕಾಲ ಏನೂ ಬೆರೆಸದೆ ನೇರ ನಲ್ಲಿಗೆ ಬರುತ್ತಿತ್ತು. ಊರಿನವರಿಗೆ ಅದೊಂದು ಜಂಬ. ಬೇರೆ ಊರಿಗೆ ಹೋದರೆ ಅಲ್ಲಿನ ನೀರನ್ನು ಮೂಸಿ ಮುಖ ಸಿಂಡರಿಸುವುದು ಇಲ್ಲಿಯವರ ಗುರುತು. ಕೆಲವು ವರ್ಷಗಳ ಹಿಂದೆ ಕ್ಲೋರಿನ್ ಬೆರೆಸತೊಡಗಿದರು. ಸಭೆಗಳಾದವು, ಜಗಳಗಳಾದವು. ತಾತ್ಕಾಲಿಕ ಎಂದು ಹೇಳಿದರು.

“ನನ್ ಕೆಲ್ಸಾನೂ ತಾತ್ಕಾಲಿಕಾನೇ. ಮೂವತ್ತೊಂಬತ್ತು ವರ್ಷ ಆಯ್ತು,” ಎನ್ನುತ್ತಾರೆ ರೇವಿನ್.

ಆ ನೀರನ್ನು ಅವರು ಕುಡಿಯುವುದಿಲ್ಲ. ವಾರಕ್ಕೊಮ್ಮೆ ಕಾರಿನಲ್ಲಿ ಕ್ಯಾನುಗಳನ್ನಿಟ್ಟುಕೊಂಡು ಊರಾಚೆ ಇನ್ನೂ ಏನೂ ಬೆರೆಸದ ನೀರು ಬರುವ ಕೊಳಾಯಿಗೆ ಹೋಗಿ ಸಾಲಿನಲ್ಲಿ ನಿಂತು ತುಂಬಿಕೊಂಡು ಬರುತ್ತಾರೆ. ಟೀಗೂ ಅದೇ. ಅವರ ಫ್ಲಾಸ್ಕಿನ ಟೀಯನ್ನೇ ಕುಡಿಯುತ್ತಾ ಸೆಫೊ ಅದನ್ನೇ ಆಡಿಕೊಳ್ಳುತ್ತಿದ್ದರು: “ಆಂಟಿ ಮನೇಲಿ ನಲ್ಲಿ ಇರೋದು ನೆಂಟ್ರಿಗೆ ತೋರ್ಸೋಕೆ.”

ಫೆಬ್ರುವರಿಯಲ್ಲಿ ವಾಯವ್ಯದ ಬಿಸಿಗಾಳಿ ಬಿಟ್ಟೂಬಿಡದೆ ಬೀಸಿತು. ಡಾಬ್ಸ್ ತೊರೆಯ ತಲೆಯಲ್ಲಿರುವ ಒರತೆಗಳು ಒಂದೊಂದಾಗಿ ಬತ್ತಿದವು. ಪೇಟೆಯ ನದಿ ಬಿಸಿಯಾದಾಗ ದೊಡ್ಡ ಟ್ರೌಟ್‌ಗಳು ತಣ್ಣೀರು ಹುಡುಕಿ ತೊರೆಗೆ ಬರುತ್ತವೆ. ಹಾಗೆ ಬಂದವು ಸಿಕ್ಕಿಬಿದ್ದವು. ಮೇಲೂ ನೀರಿಲ್ಲ, ಕೆಳಗೂ ನೀರಿಲ್ಲ, ಬೌಲ್ಸ್ ಕ್ಲಬ್ಬಿನ ಹಿಂದಿನ ಮಡು ಒಂದೇ ಉಳಿದಿತ್ತು. ಶುಕ್ರವಾರ ಮಧ್ಯಾಹ್ನ ಅದೂ ಕಣಕಾಲ ಮಟ್ಟಕ್ಕೆ ಇಳಿಯಿತು. ಮೀನಿನ ಬೆನ್ನುಗಳು ಹೊರಗೆ ಕಾಣುತ್ತಿದ್ದವು.

ಟ್ರೌಟನ್ನು ಎತ್ತಿ ಬೇರೆಡೆ ಬಿಡಲು ಪರವಾನಗಿ ಬೇಕು. ರೇವಿನ್ ಮೀನಿನ ಕಚೇರಿಗೆ ಫೋನ್ ಮಾಡಿದರು. ಅವರ ಜನ ಉತ್ತರದ ಇನ್ನೊಂದು ನದಿಯಲ್ಲಿ ಇದೇ ಕೆಲಸದಲ್ಲಿದ್ದರು. ಸೋಮವಾರ ಬರುತ್ತೇವೆ ಎಂದರು. ಸೋಮವಾರದವರೆಗೆ ಮಡುವಿನಲ್ಲಿ ನೀರು ಉಳಿಯುವಂತಿರಲಿಲ್ಲ.

ಆಗ ರೇವಿನ್‌ಗೆ ನೆನಪಾದದ್ದು ಅಪ್ಪ. ತಮಗೆ ಹತ್ತು ವರ್ಷವಿದ್ದಾಗ ಇಂಥದೇ ಒಂದು ಬೇಸಿಗೆ. ಅಪ್ಪ ಬೌಲ್ಸ್ ಕ್ಲಬ್ಬಿನ ನಲ್ಲಿಗೆ ಪೈಪು ಸಿಕ್ಕಿಸಿ ಇದೇ ಮಡುವಿಗೆ ನೀರು ಬಿಟ್ಟಿದ್ದರು. ಮೀನು ಬದುಕಿದ್ದವು. ಮನೆಯಲ್ಲಿ ಕ್ರಿಸ್‌ಮಸ್ ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ ಕತೆ ಅದು. ಈಗ ಕ್ಲಬ್ಬಿನ ನಲ್ಲಿಗೆ ಅಷ್ಟು ಜೋರಿಲ್ಲ. ರೇವಿನ್ ರಸ್ತೆ ದಾಟಿ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥ ಬ್ರೆಂಟ್ ಟ್ವೀಡಿ ಅವರ ಮನೆ ಬಾಗಿಲು ಬಡಿದರು. ಬ್ರೆಂಟ್ ಕಸುಬಿನಿಂದ ಪ್ಲಂಬರ್. ಇಬ್ಬರೂ ಒಂದೇ ಶಾಲೆಯವರು.

“ಬ್ರೆಂಟ್, ನಿಮ್ ಪೈಪು ಮಡು ತನಕ ಬರುತ್ತಾ?”

“ಬರುತ್ತೆ. ಯಾಕೆ, ನೀರಿಗೆ ಬೆಂಕಿ ಹಚ್ಚಿದ್ಯಾ?”

“ನೀರ್ ಬಿಡ್ಬೇಕು ಕಣೋ. ಸೋಮವಾರದ ತನಕ ಅಷ್ಟೆ.”

“ಮೇಲಿನೋರು ಕೇಳಿದ್ರೆ ಏನ್ ಹೇಳ್ಲಿ?”

“ಅಭ್ಯಾಸ ಮಾಡಿದ್ವಿ ಅನ್ನು. ಹೆಂಗೂ ವಾರಕ್ಕೊಂದ್ಸಲ ಪೈಪ್ ಬಿಚ್ಚಿ ಪಬ್ಬಿನ ಮುಂದೆ ಕಾರ್ ತೊಳೀತೀರಲ್ಲ.”

ಬ್ರೆಂಟ್ ಅರ್ಧ ಗಂಟೆಯಲ್ಲಿ ನಾಲ್ವರನ್ನು ಕರೆತಂದರು. ಬೆಂಕಿ ಆರಿಸಲು ಇಟ್ಟ ರಸ್ತೆಬದಿಯ ದಪ್ಪ ನಲ್ಲಿ, ಹೈಡ್ರಂಟ್, ತೆರೆದರು. ಪೈಪು ಉಬ್ಬಿತು, ನೀರು ನುಗ್ಗಿತು. ಇನ್ನೂ ಬೇಕಾದಷ್ಟು ಬೆಳಕಿತ್ತು. ಸುದ್ದಿ ಹರಡಿ ಅಕ್ಕಪಕ್ಕದವರು ಮಡಚುವ ಕುರ್ಚಿ ತಂದರು. ಯಾರೋ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಹಂಚಿದರು. ಗಾಳದ ಸಂಘದವರು ಹತ್ತು ಮಂದಿ ಬಂದರು. ಅಲಿಸ್ಟರ್ ಬಂದರು. ಮಡು ಸೊಂಟದ ಮಟ್ಟಕ್ಕೆ ತುಂಬಿತು.

ತುಂಬಿದ ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದವು. ನೀರಿನ ಮೇಲ್ಮೈಗೆ ಮೂತಿ ಇಟ್ಟು ಬಾಯಿ ತೆರೆದು ಮುಚ್ಚಿದವು. ಮಡುವಿನ ತುಂಬ ಉಂಗುರಗಳು. ಸಂಜೆ ನೀರಿನ ಮೇಲೆ ಕೂರುವ ಹುಳ ತಿನ್ನಲು ಟ್ರೌಟ್ ಹೀಗೆಯೇ ಮೇಲೆ ಬರುತ್ತದೆ. ಗಾಳದವರು ವರ್ಷವಿಡೀ ಕಾಯುವುದು ಆ ಉಂಗುರಗಳಿಗೆ.

“ನೋಡ್ರೋ, ನೋಡ್ರೋ! ಏಳ್ತಾ ಇವೆ! ಹುಳಕ್ಕೆ ಏಳ್ತಾ ಇವೆ!” ಎಂದು ಅಲಿಸ್ಟರ್ ಕೂಗಿದರು.

“ಗಾಳದ ಕೋಲು ತರ್ಲಾ?” ಎಂದ ಒಬ್ಬ.

“ತಂದ್ರೆ ಕೈ ಮುರೀತೀನಿ,” ಎಂದರು ರೇವಿನ್.

ಎಲ್ಲರೂ ನಕ್ಕರು. ಬ್ರೆಂಟ್ ಪೈಪು ನಿಲ್ಲಿಸಿ, ಟೋಪಿ ತೆಗೆದು, ರೇವಿನ್ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು.

“ನಂಗೆ ಯಾರಾದ್ರೂ ಚಪ್ಪಾಳೆ ತಟ್ಟಿದ್ದು ಅದೇ ಮೊದ್ಲು,” ರೇವಿನ್ ಹೇಳುತ್ತಾರೆ. “ಅವು ಉಸಿರು ಕಟ್ಟಿ ಸಾಯ್ತಾ ಇದ್ವು. ನಾನು ಕೈಯಲ್ಲಿ ಸಾಸೇಜ್ ಹಿಡ್ಕೊಂಡು ನಿಂತಿದ್ದೆ.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ರೇವಿನ್ ಮತ್ತು ಸೆಫೊ ಮಡುವಿಗೆ ಬಂದರು. ಮೀನುಗಳು ಹೊಟ್ಟೆ ಮೇಲಾಗಿ ಅಂಚಿಗೆ ಸೇರಿದ್ದವು. ಮೊದಲು ರೇವಿನ್ ಅಂದುಕೊಂಡದ್ದು ತಡವಾಯಿತೆಂದು, ಬಿಸಿಲು ಮೊದಲೇ ಅವುಗಳ ಕತೆ ಮುಗಿಸಿತ್ತೆಂದು. ಸೆಫೊ ಒಂದನ್ನೆತ್ತಿ ಕಿವಿರು ಬಿಡಿಸಿ ನೋಡಿದರು. ಕೆಂಪಗಿರಬೇಕಾದದ್ದು ಬಿಳಿಚಿ ಲೋಳೆಯಾಗಿತ್ತು. ಅವರು ಕೈಯನ್ನು ನೀರಲ್ಲಿ ಅದ್ದಿ ಮೂಸಿದರು. ಇನ್ನೊಮ್ಮೆ ಮೂಸಿದರು.

“ಆಂಟಿ,” ಎಂದರು, “ಈ ನೀರ್ ನೀವು ಕುಡಿಯಲ್ಲ ಅಲ್ವಾ?”

ಅದು ಚುಡಾಯಿಸಲು ಕೇಳಿದ ಮಾತಾಗಿರಲಿಲ್ಲ. ಮನುಷ್ಯರಿಗೆ ಏನೂ ಮಾಡದಷ್ಟು ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ರೇವಿನ್ ದಂಡೆಯ ಮೇಲೆ ಕೂತರು. ಮೊಣಕಾಲು ಮಡಚಲಾಗದ್ದರಿಂದ ಅವರು ಎಂದೂ ನೆಲದ ಮೇಲೆ ಕೂರುವವರಲ್ಲ. ಎಬ್ಬಿಸಲು ಸೆಫೊ ಎರಡೂ ಕಂಕುಳಿಗೆ ಕೈ ಕೊಡಬೇಕಾಯಿತು.

“ನಾನೇ ಬಾಯಿಗೆ ಹಾಕದ ನೀರು,” ಎನ್ನುತ್ತಾರೆ ರೇವಿನ್. “ಅದನ್ನ ತಂದು ಅವುಕ್ಕೆ ಬಿಟ್ಟೆ. ಒಂದ್ಸಲಾನೂ ತಲೆಗೆ ಹೊಳೀಲಿಲ್ಲ. ಮನೇಲಿ ನಲ್ಲಿ ನೋಡಿದ್ರೆ ಕ್ಲೋರಿನ್ ನೆನಪಾಗುತ್ತೆ. ಇಲ್ಲಿ ನಿಂತ್ರೆ ಅಪ್ಪನ ಕಾಲದ ನೀರೇ ನೆನಪಾಗೋದು. ಎರಡೂ ಒಂದೇ ಪೈಪು ಅಂತ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ.”

ಬ್ರೆಂಟ್ ಕೂಡ ಅದನ್ನೇ ಹೇಳುತ್ತಾರೆ. “ಬೆಳಗಿಂದ ಸಾಯಂಕಾಲದ ತನಕ ಅದೇ ನೀರಲ್ಲಿ ನನ್ ಕೈ ಇರುತ್ತೆ. ಮಗಳು ಬಣ್ಣದ ಮೀನು ಸಾಕಿದಾಳೆ. ಅದರ ತೊಟ್ಟಿಗೆ ನೀರು ತುಂಬೋ ಮುಂಚೆ ಕ್ಲೋರಿನ್ ತೆಗೆಯೋ ಹನಿ ಹಾಕೋದು ನಾನೇ. ಅವತ್ತು ಅಲ್ಲಿ ಮೂವತ್ತು ಜನ ಇದ್ವಿ. ಒಬ್ಬರಿಗೂ ಹೊಳೀಲಿಲ್ಲ ಅಂದ್ರೆ ನಂಬ್ತೀರಾ? ನಾವು ಚಿಕ್ಕೋರಿದ್ದಾಗ ನಲ್ಲಿ ನೀರು ಅಂದ್ರೂ ತೊರೆ ನೀರು ಅಂದ್ರೂ ಒಂದೇ. ಆ ಅಭ್ಯಾಸ ಹೋಗಿಲ್ಲ.”

ದಳವೇ ತೀರ್ಮಾನ ಮಾಡಿತು ಎಂದು ಹೇಳೋಣ, ನಿನ್ನ ಹೆಸರು ಬೇಡ ಎಂದು ಬ್ರೆಂಟ್ ಒತ್ತಾಯಿಸಿದ್ದರು. ಸೋಮವಾರ ಮೀನಿನ ಕಚೇರಿಯವರು ಬಲೆ, ತೊಟ್ಟಿ ಹೊತ್ತು ಬಂದಾಗ ರೇವಿನ್ ಆ ಲಾರಿಯ ಬಳಿಗೇ ಹೋಗಿ, “ನೀರು ಬಿಡ್ಸಿದ್ದು ನಾನು” ಎಂದರು. ಕೂಡಲೇ ಕಂಪನಿಯಿಂದ ಎಚ್ಚರಿಕೆ ಬಂತು. ಗುತ್ತಿಗೆಯಲ್ಲಿ ಬರೆಯದ ಯಾವ ಕೆಲಸವನ್ನೂ ತೊರೆಯಲ್ಲಿ ಮಾಡಕೂಡದು. ಗರಸು ಕೆದಕುವುದು ಗುತ್ತಿಗೆಯಲ್ಲಿ ಎಂದೂ ಇರಲಿಲ್ಲ. ಈಗ ಅದು ನಿಂತಿದೆ. ಪಕ್ಕದಲ್ಲಿ ಹೊಸ ಮನೆಗಳ ಬಡಾವಣೆ ಏಳುತ್ತಿದೆ, ಮಳೆ ಬಂದಾಗ ಅಲ್ಲಿಯ ಮಣ್ಣು ತೊರೆಗೆ ಇಳಿಯುತ್ತದೆ, ಗರಸಿನ ಮೇಲೆ ಕೂರುತ್ತದೆ. ರೇವಿನ್ ದಂಡೆಯ ಮೇಲೆ ನಿಂತು ಅದನ್ನು ನೋಡಬಹುದು.

ಗಾಳದ ಸಂಘದ ಮಾರ್ಚ್ ತಿಂಗಳ ಪತ್ರಿಕೆಯಲ್ಲಿ “ಬುದ್ಧಿಯಿಲ್ಲದ ಕೂಲಿಯವಳೊಬ್ಬಳು ನಮ್ಮ ಮೀನನ್ನು ಕೊಂದಳು” ಎಂದು ಬರೆದಿದ್ದರು. ಬರೆದವರು ಅಲಿಸ್ಟರ್. ಆಕೆಯ ಹೆಸರೇನು ಎಂದು ಅವರನ್ನು ಕೇಳಿದರೆ, “ಹೆಸರು ಗೊತ್ತಿಲ್ಲ. ದಪ್ಪಗಿದಾಳೆ, ರಬ್ಬರ್ ಪ್ಯಾಂಟು,” ಎನ್ನುತ್ತಾರೆ. ಆ ಸಂಜೆ ಮೀನು ಏಳುತ್ತಿವೆ ಎಂದು ಕೂಗಿದ್ದರ ಬಗ್ಗೆ ಕೇಳಿದರೆ, “ಆ ಬೆಳಕಲ್ಲಿ ಯಾರಿಗಾದ್ರೂ ಹಂಗೇ ಕಾಣುತ್ತೆ. ಐವತ್ತು ವರ್ಷ ಗಾಳ ಹಾಕಿದೀನಿ ಸ್ವಾಮಿ, ನಂಗೆ ಕಲಿಸ್ಬೇಡಿ,” ಎನ್ನುತ್ತಾರೆ. ಪತ್ರಿಕೆಯನ್ನು ಸೆಫೊ ಬೌಲ್ಸ್ ಕ್ಲಬ್ಬಿನ ಮೇಜಿನ ಮೇಲೆ ಕಂಡು ಹರಿದು ಹಾಕಿದ್ದರು. ಕ್ಲಬ್ಬಿನಲ್ಲಿ ಅದರ ಇನ್ನೂ ಐದು ಪ್ರತಿಗಳಿದ್ದವು.

ಕೆಲಸ ಬಿಡುವ ಯೋಚನೆ ಬಂದಿರಲಿಲ್ಲವೇ? ರೇವಿನ್ ಪ್ರಶ್ನೆಯನ್ನು ಇಷ್ಟಪಡುವುದಿಲ್ಲ. “ಬಿಟ್ಟು ಎಲ್ಲಿಗೆ ಹೋಗ್ಲಿ? ಅಂಗಡೀಲಿ ಚಾಕಲೇಟ್ ಜೋಡಿಸ್ಲಾ? ಕಳೆ ಬೆಳೆಯೋದು ನಿಂತಿದ್ಯಾ?” ಎಂದು ತಳ್ಳುಗಾಡಿಯ ಕಡೆ ನಡೆಯುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ತಿರುಗಿ ಬರುತ್ತಾರೆ. ಟ್ರೌಟ್ ತಾನು ಹುಟ್ಟಿದ ತೊರೆಗೇ ಮೊಟ್ಟೆಯಿಡಲು ಬರುತ್ತದಂತೆ. ಇಲ್ಲಿ ಹುಟ್ಟಿದವುಗಳಲ್ಲಿ ದೊಡ್ಡವೆಲ್ಲ ಮಡುವಿನಲ್ಲಿ ಹೋದವು. ಮೀನಿನ ಕಚೇರಿಯವರು ನಾಲ್ಕೈದು ವರ್ಷ ಹಿಡಿಯಬಹುದು ಎಂದಿದ್ದಾರೆ, ಮತ್ತೆ ಬಾರದೆಯೂ ಇರಬಹುದು ಎಂದಿದ್ದಾರೆ.

“ದಾರಿ ತಪ್ಪಿ ಬರೋ ಒಂದು ಹೆಣ್ಣು ಸಾಕು ನಂಗೆ,” ಎನ್ನುತ್ತಾರೆ. “ಒಂದೇ ಒಂದು. ಅದರ ಗೂಡು ನೋಡಿದ್ರೆ ಆಮೇಲೆ ದಿನಾ ಬರಲ್ಲ. ಮನೇಲಿ ಮಲಗ್ತೀನಿ.”

“ಸುಳ್ಳು,” ಎನ್ನುತ್ತಾರೆ ಸೆಫೊ. “ಗೂಡು ಸಿಕ್ಕಿದ್ರೆ ಅದರ ಪಕ್ಕ ಟೆಂಟ್ ಹಾಕ್ತಾರೆ.”

ರೇವಿನ್ ನಗುವುದಿಲ್ಲ. ಎಂಟು ಗಂಟೆಯಾಗಿದೆ. ಸೂರ್ಯ ಬೌಲ್ಸ್ ಕ್ಲಬ್ಬಿನ ಚಾವಣಿಯ ಮೇಲೆ ಬಂದು ತೊರೆಯ ತಳ ಚೆನ್ನಾಗಿ ಕಾಣುತ್ತಿದೆ. ತಳದುದ್ದಕ್ಕೂ ಒಂದೇ ಸಮನಾದ ಕಂದು ಹೂಳು. ಎಲ್ಲೂ ಉಜ್ಜಿದ ಗುರುತಿಲ್ಲ. ಇನ್ನು ನೀರಿಗೆ ಇಳಿಯಬಹುದು. ತುಳಿದರೆ ಹಾಳಾಗುವಂಥದ್ದು ಅಲ್ಲಿ ಏನೂ ಇಲ್ಲ. ರೇವಿನ್ ಇಳಿಯುತ್ತಾರೆ, ಆದರೂ ನಡುವಿನ ಗರಸನ್ನು ಬಿಟ್ಟು ಅಂಚಿನಲ್ಲೇ ಹೆಜ್ಜೆ ಇಡುತ್ತಾರೆ.

ಫೆಬ್ರುವರಿಯ ಆ ಶನಿವಾರ ರೇವಿನ್ ಮತ್ತು ಸೆಫೊ ಮಡುವಿನಿಂದ ಎತ್ತಿ ತಳ್ಳುಗಾಡಿಗೆ ಹಾಕಿದ ದೊಡ್ಡ ಟ್ರೌಟ್ ನಲವತ್ತಮೂರು. ಅವುಗಳಲ್ಲಿ ಹೆಣ್ಣು ಇಪ್ಪತ್ತಾರು. ಮರಿಗಳು ಎರಡು ಬಕೆಟ್. ಹಾವುಮೀನುಗಳು ಕೆಸರಿನೊಳಗೆ ಹೊಕ್ಕು ಬದುಕಿಕೊಂಡವು. ಈ ಚಳಿಗಾಲ ಡಾಬ್ಸ್ ತೊರೆಯಲ್ಲಿ ಇದುವರೆಗೆ ಕಂಡ ಗೂಡುಗಳು, ಸೊನ್ನೆ.